ಹೆಸರು ಉಳಿಯಿತು, ಬೆಲೆ ಉಳಿಯಲಿಲ್ಲ: ಶೆರಿ ವ್ಯಾಪಾರದ ಏಳುಬೀಳು

ಸ್ಪೇನ್ ದೇಶದ ದಕ್ಷಿಣಕ್ಕಿರುವ ಆಂಡಲೂಸಿಯಾ ಪ್ರಾಂತದಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆ ಕಳೆದ ಮೇಲೆಯೇ. ಊಟಕ್ಕೆ ಕೂರುವ ಮುನ್ನ ಸಣ್ಣ ಗಾಜಿನ ಲೋಟದಲ್ಲಿ ತಣ್ಣಗಿನ, ಒಣಹುಲ್ಲಿನ ತೆಳುಬಣ್ಣದ ವೈನನ್ನೂ ಜೊತೆಗೆ ಉಪ್ಪುನೀರಿನಲ್ಲಿ ನೆನೆದ ಆಲಿವ್ ಕಾಯಿ, ಹುರಿದ ಬಾದಾಮಿಗಳನ್ನೂ ಮುಂದಿಡುವುದು ಅಲ್ಲಿನ ವಾಡಿಕೆ. ಆ ವೈನಿನ ಹೆಸರು ಫಿನೊ. ಜಗತ್ತು ಶೆರಿ ಎಂದು ಕರೆಯುವ ವೈನ್ ಕುಟುಂಬದಲ್ಲಿ ಅತ್ಯಂತ ತಿಳಿಯಾದ, ಸಿಹಿಯ ಸುಳಿವೂ ಇಲ್ಲದ ಬಗೆ ಇದು.

ಈ ಒಂದು ಲೋಟದ ಹಿಂದಿರುವ ವ್ಯಾಪಾರದ ಲೆಕ್ಕ ಮಾತ್ರ ಅಷ್ಟು ತಿಳಿಯಾಗಿಲ್ಲ. 1979ರಲ್ಲಿ ಶೆರಿಯ ರಫ್ತು ತನ್ನ ಇತಿಹಾಸದ ಗರಿಷ್ಠ ಮಟ್ಟವನ್ನು ಮುಟ್ಟಿತು. ಆ ವರ್ಷ ಹೊರದೇಶಗಳಿಗೆ ಹೋದದ್ದು ಸುಮಾರು 15 ಕೋಟಿ ಲೀಟರ್. 2020ರ ಹೊತ್ತಿಗೆ ಸ್ವದೇಶದ ಬಳಕೆಯೂ ಸೇರಿ ಒಟ್ಟು ಮಾರಾಟ ಸುಮಾರು 3 ಕೋಟಿ ಲೀಟರಿಗೆ ಇಳಿದಿತ್ತು. 1980ರ ದಶಕದ ಆರಂಭದಲ್ಲಿ 22,000 ಹೆಕ್ಟೇರ್‌ಗಳಷ್ಟಿದ್ದ ದ್ರಾಕ್ಷಿ ತೋಟಗಳು ಈಗ ಉಳಿದಿರುವುದು ಸುಮಾರು 7,000 ಹೆಕ್ಟೇರ್. ಸೋಜಿಗದ ಸಂಗತಿಯೆಂದರೆ, ಇದೇ ಅವಧಿಯಲ್ಲಿ ಅಲ್ಲಿನ ವ್ಯಾಪಾರಿಗಳು ‘ಶೆರಿ’ ಎಂಬ ತಮ್ಮ ಹೆಸರನ್ನು ಅನ್ಯರ ಬಳಕೆಯಿಂದ ಬಿಡಿಸಿಕೊಳ್ಳುವ ಹೋರಾಟದಲ್ಲಿ ಬಹುಪಾಲು ಗೆಲುವನ್ನೇ ಕಂಡರು. ಹೆಸರು ಕೈಗೆ ಬಂದಿತು. ಆದರೆ ಆ ಹೆಸರಿಗಿದ್ದ ಬೆಲೆ ಅಷ್ಟರಲ್ಲಿ ಕೈಜಾರಿತ್ತು. ಇದು ಹೇಗಾಯಿತೆಂಬುದು ಯಾವುದೇ ಸರಕಿನ ವ್ಯಾಪಾರಿಯೂ ತಿಳಿಯಬೇಕಾದ ವಿಷಯವಾಗಿದೆ.

ಹಸಿವನ್ನು ತೆರೆಯುವ ಪಾನೀಯ

ಯುರೋಪಿನಲ್ಲಿ ಊಟಕ್ಕೆ ಮುನ್ನ ಸೇವಿಸುವ ಪಾನೀಯವನ್ನು ‘ಅಪೆರಿಟಿಫ್’ ಎನ್ನುತ್ತಾರೆ. ‘ತೆರೆಯುವುದು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದವಿದು. ನಾಲಿಗೆಯನ್ನೂ ಹಸಿವನ್ನೂ ತೆರೆಯಬೇಕೆಂಬುದು ಇದರ ಆಶಯ. ಸಿಹಿ ಹೆಚ್ಚಿದ್ದರೆ ಹಸಿವು ಮುಚ್ಚಿಹೋಗುತ್ತದೆ. ಮದ್ಯಸಾರ ಹೆಚ್ಚಿದ್ದರೆ ನಾಲಿಗೆ ಜಡವಾಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಒಣರುಚಿಯ, ತುಸು ಕಹಿಯ ಅಥವಾ ಉಪ್ಪಿನ ಛಾಯೆಯುಳ್ಳ, ತಣ್ಣಗೆ ಕೊಡಬಹುದಾದ ಪಾನೀಯಗಳು ರೂಢಿಗೆ ಬಂದವು.

ಇವುಗಳಲ್ಲಿ ಒಂದು ಮುಖ್ಯ ವರ್ಗವೇ ಬಲಪಡಿಸಿದ ಬಿಳಿ ವೈನುಗಳದ್ದು. ಸಾಮಾನ್ಯ ವೈನಿಗೆ ದ್ರಾಕ್ಷಿಯಿಂದಲೇ ಬಟ್ಟಿ ಇಳಿಸಿದ ಮದ್ಯಸಾರವನ್ನು ಸೇರಿಸಿ ಅದರ ಪ್ರಮಾಣವನ್ನು ಶೇ. 15 ಅಥವಾ ಅದಕ್ಕಿಂತ ಮೇಲಕ್ಕೆ ಏರಿಸಿದರೆ ಅದು ಬಲಪಡಿಸಿದ ವೈನ್ ಎನಿಸಿಕೊಳ್ಳುತ್ತದೆ. ಪೋರ್ಚುಗಲ್ಲಿನ ಬಿಳಿ ಪೋರ್ಟ್ ಈ ವರ್ಗಕ್ಕೆ ಸೇರಿದ್ದು. ಗಿಡಮೂಲಿಕೆಗಳನ್ನು ನೆನೆಸಿ ಮಾಡುವ ಫ್ರಾನ್ಸ್ ಮತ್ತು ಇಟಲಿಯ ವರ್ಮೂತ್ ಕೂಡ ಇದೇ ವರ್ಗದ್ದು. ಆದರೆ ಯಾವ ಮೂಲಿಕೆಯನ್ನೂ ಸಕ್ಕರೆಯನ್ನೂ ಸೇರಿಸದೆ, ಕೇವಲ ಮಣ್ಣು, ಗಾಳಿ, ಪೀಪಾಯಿ ಮತ್ತು ಕಾಲಗಳ ಬಲದಿಂದ ಈ ಗುಣವನ್ನು ಪಡೆದದ್ದು ಫಿನೊ ಶೆರಿ.

ಬಿಳಿಮಣ್ಣು, ಕಡಲಗಾಳಿ

ಶೆರಿಯ ನೆಲೆ ಕಾದಿಸ್ ಜಿಲ್ಲೆಯ ಮೂರು ಊರುಗಳ ನಡುವಿನ ತ್ರಿಕೋನಾಕಾರದ ಪ್ರದೇಶ. ಒಳನಾಡಿನಲ್ಲಿ ಹೆರೆಸ್ ದೆ ಲಾ ಫ್ರೊಂತೆರಾ, ಕಡಲ ತೀರದಲ್ಲಿ ಎಲ್ ಪ್ವೆರ್ತೊ ದೆ ಸಾಂತಾ ಮರಿಯಾ, ಗ್ವಾದಲ್ಕಿವಿರ್ ನದಿಯ ಮುಖದಲ್ಲಿ ಸಾನ್ಲೂಕರ್ ದೆ ಬಾರ್ರಮೇದಾ. ‘ಹೆರೆಸ್’ ಎಂಬ ಊರಿನ ಹೆಸರೇ ಇಂಗ್ಲಿಷರ ಬಾಯಲ್ಲಿ ‘ಶೆರಿ’ ಆಯಿತು. ಅಂದರೆ ಶೆರಿ ಎಂಬುದು ಸರಕಿನ ಹೆಸರಾಗುವ ಮೊದಲು ಒಂದು ಊರಿನ ಹೆಸರು. ಮುಂದಿನ ವ್ಯಾಜ್ಯಗಳಿಗೆಲ್ಲ ಇದೇ ಬುನಾದಿ.

ಇಲ್ಲಿನ ಉತ್ತಮ ತೋಟಗಳ ಮಣ್ಣು ಸುಣ್ಣದಂತೆ ಬಿಳಿ. ಅಲ್ಬಾರಿಸಾ ಎಂದು ಕರೆಯಲಾಗುವ ಈ ಮಣ್ಣು ಚಳಿಗಾಲದ ಮಳೆನೀರನ್ನು ಸ್ಪಂಜಿನಂತೆ ಹೀರಿಟ್ಟುಕೊಂಡು, ಬಿರುಬೇಸಗೆಯಲ್ಲಿ ಮೇಲ್ಪದರ ಗಟ್ಟಿಯಾಗಿ ಒಳಗಿನ ತೇವವನ್ನು ಕಾಪಾಡುತ್ತದೆ. ಇದರಲ್ಲಿ ಬೆಳೆಯುವ ಪಾಲೊಮಿನೊ ದ್ರಾಕ್ಷಿ ತನ್ನಷ್ಟಕ್ಕೆ ತಾನು ವಿಶೇಷ ರುಚಿಯದ್ದೇನೂ ಅಲ್ಲ. ಹುದುಗಿದ ಮೇಲೆ ದೊರೆಯುವುದು ಶೇ. 11ರಿಂದ 12ರಷ್ಟು ಮದ್ಯಸಾರವುಳ್ಳ ಸಪ್ಪೆಯೆನ್ನಬಹುದಾದ ಬಿಳಿ ವೈನ್. ಕಚ್ಚಾ ಮಾಲು ಸಾಧಾರಣವಾದರೂ ಸಂಸ್ಕರಣೆಯಿಂದ ಮೌಲ್ಯ ಹೆಚ್ಚಿಸುವುದು ಹೇಗೆಂಬುದಕ್ಕೆ ಶೆರಿ ಒಳ್ಳೆಯ ನಿದರ್ಶನ.

ವೈನಿಗೆ ಮದ್ಯಸಾರ ಸೇರಿಸುವ ಹಂತದಲ್ಲಿಯೇ ಅದರ ಹಣೆಬರಹ ನಿರ್ಧಾರವಾಗುತ್ತದೆ. ಪ್ರಮಾಣವನ್ನು ಸುಮಾರು ಶೇ. 15ಕ್ಕೆ ನಿಲ್ಲಿಸಿದರೆ ಪೀಪಾಯಿಯೊಳಗೆ ವೈನಿನ ಮೇಲೆ ಯೀಸ್ಟ್‌ನ ಬಿಳಿ ಪದರವೊಂದು, ಕಾದಾರಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ, ಕಟ್ಟಿಕೊಳ್ಳುತ್ತದೆ. ಇದಕ್ಕೆ ‘ಫ್ಲೋರ್’, ಎಂದರೆ ಹೂವು, ಎಂದು ಹೆಸರು. ಈ ಪದರ ವೈನಿಗೆ ಗಾಳಿ ತಾಗದಂತೆ ತಡೆದು ಬಣ್ಣ ಕಂದಾಗದಂತೆ ಕಾಪಾಡುತ್ತದೆ. ಅದರಲ್ಲಿನ ಗ್ಲಿಸರಿನ್ ಅಂಶವನ್ನು ತಿಂದು ರುಚಿಯನ್ನು ಹರಿತಗೊಳಿಸುತ್ತದೆ. ಅಸಿಟಾಲ್ಡಿಹೈಡ್ ಎಂಬ ಸಂಯುಕ್ತವನ್ನು ಉಂಟುಮಾಡಿ ಹಸಿ ಬಾದಾಮಿಯನ್ನು, ಹುಳಿಹಿಟ್ಟಿನ ರೊಟ್ಟಿಯನ್ನು ನೆನಪಿಸುವ ಪರಿಮಳವನ್ನು ಕೊಡುತ್ತದೆ. ಇದೇ ಫಿನೊ. ಪ್ರಮಾಣವನ್ನು ಶೇ. 17ಕ್ಕೆ ಏರಿಸಿದರೆ ಫ್ಲೋರ್ ಬದುಕುವುದಿಲ್ಲ. ಗಾಳಿಗೆ ಒಡ್ಡಿಕೊಂಡ ವೈನ್ ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗಿ ‘ಒಲೊರೋಸೊ’ ಆಗುತ್ತದೆ. ಕೇವಲ ಎರಡು ಶೇಕಡಾ ಅಂಶಗಳ ವ್ಯತ್ಯಾಸದಿಂದ ಎರಡು ಬೇರೆಯೇ ಸರಕುಗಳು ಹುಟ್ಟುತ್ತವೆ.

ಫ್ಲೋರ್‌ಗೆ ತಂಪು ಮತ್ತು ತೇವ ಬೇಕು. ಆದ್ದರಿಂದ ಬೊಡೇಗಾ ಎಂದು ಕರೆಯುವ ಇಲ್ಲಿನ ವೈನ್ ಉಗ್ರಾಣಗಳು ದೇವಾಲಯದ ಪ್ರಾಂಗಣದಂತೆ ಎತ್ತರವಾಗಿರುತ್ತವೆ. ದಪ್ಪ ಗೋಡೆ, ಮೇಲಿನ ಕಿಟಕಿಗಳಿಗೆ ಹುಲ್ಲಿನ ಚಾಪೆಯ ಪರದೆ, ಬೇಸಗೆಯಲ್ಲಿ ನೀರು ಚಿಮುಕಿಸುವ ಮಣ್ಣಿನ ನೆಲ, ಪಶ್ಚಿಮದ ಕಡಲಗಾಳಿಯನ್ನು ಒಳಬಿಡುವಂತೆ ಕಟ್ಟಡದ ದಿಕ್ಕು – ಇವೆಲ್ಲವೂ ಯಂತ್ರಗಳಿಲ್ಲದ ಕಾಲದಲ್ಲಿ ರೂಪಿಸಿದ ಶೀತಲೀಕರಣ ವ್ಯವಸ್ಥೆ. ಸಾನ್ಲೂಕರ್ ಊರಿನಲ್ಲಿ ಕಡಲು, ನದಿ ಎರಡರ ಸಾಮೀಪ್ಯದಿಂದ ಫ್ಲೋರ್ ಇನ್ನಷ್ಟು ದಟ್ಟವಾಗಿ ಬೆಳೆಯುವುದರಿಂದ ಅಲ್ಲಿನ ವೈನಿಗೆ ಮಾನ್ಸನೀಯಾ ಎಂಬ ಪ್ರತ್ಯೇಕ ಹೆಸರೂ ಪ್ರತ್ಯೇಕ ಕಾನೂನು ರಕ್ಷಣೆಯೂ ಇವೆ.

ಹೆಪ್ಪಿನ ಲೆಕ್ಕ, ಬಂಡವಾಳದ ಲೆಕ್ಕ

ಹಿಂದಿನ ದಿನದ ಮೊಸರನ್ನೇ ಹೆಪ್ಪಾಗಿ ಬಳಸಿ ಇಂದಿನ ಮೊಸರು ಮಾಡುವ ಮನೆಯಲ್ಲಿ ಮೊಸರಿನ ರುಚಿ ತಲೆಮಾರುಗಳ ಕಾಲ ಬದಲಾಗದೆ ಸಾಗುವುದುಂಟು. ಶೆರಿಯ ಸೊಲೆರಾ ಪದ್ಧತಿಯಲ್ಲಿರುವ ತತ್ವವೂ ಇದಕ್ಕೆ ಹತ್ತಿರವಾದದ್ದು. ಸುಮಾರು 600 ಲೀಟರ್ ಹಿಡಿಯುವ ಓಕ್ ಮರದ ಪೀಪಾಯಿಗಳಲ್ಲಿ ಸುಮಾರು 500 ಲೀಟರ್ ಮಾತ್ರ ತುಂಬಿ, ಫ್ಲೋರ್‌ಗೆ ಮೇಲ್ಭಾಗದಲ್ಲಿ ಜಾಗ ಬಿಟ್ಟು, ವಯಸ್ಸಿನ ಕ್ರಮದಲ್ಲಿ ಹಲವು ಹಂತಗಳಾಗಿ ಜೋಡಿಸಲಾಗುತ್ತದೆ. ಅತ್ಯಂತ ಹಳೆಯ ಹಂತದಿಂದ ಒಂದು ಭಾಗವನ್ನು ಮಾತ್ರ ಮಾರಾಟಕ್ಕೆ ತೆಗೆಯುತ್ತಾರೆ. ಅಲ್ಲಿ ತೆರವಾದ ಜಾಗವನ್ನು ಅದಕ್ಕಿಂತ ಎಳೆಯ ಹಂತದ ವೈನಿನಿಂದ, ಅದನ್ನು ಇನ್ನೂ ಎಳೆಯದರಿಂದ ತುಂಬುತ್ತಾ ಹೋಗಿ, ಕೊನೆಯ ಹಂತಕ್ಕೆ ಆ ವರ್ಷದ ಹೊಸ ವೈನನ್ನು ಸೇರಿಸುತ್ತಾರೆ. ಯಾವ ಪೀಪಾಯಿಯೂ ಎಂದೂ ಬರಿದಾಗುವುದಿಲ್ಲ. ಹೊಸದು ಹಳೆಯದರಿಂದ ಗುಣ ಪಡೆಯುತ್ತದೆ. ಹೊಸ ವೈನಿನ ಪೋಷಕಾಂಶಗಳಿಂದ ಫ್ಲೋರ್ ಜೀವಂತವಾಗಿರುತ್ತದೆ. ಬೆಳೆ ಒಂದು ವರ್ಷ ಚೆನ್ನಾಗಿದ್ದು ಮತ್ತೊಂದು ವರ್ಷ ಕೆಟ್ಟರೂ ಗ್ರಾಹಕನಿಗೆ ತಲುಪುವ ರುಚಿಯಲ್ಲಿ ಏರುಪೇರು ಕಾಣುವುದಿಲ್ಲ.

ಗುಣಮಟ್ಟದ ಏಕರೂಪತೆಗೆ ಇಷ್ಟು ಸೊಗಸಾದ ವ್ಯವಸ್ಥೆ ಬೇರೊಂದಿಲ್ಲವೆನ್ನಬಹುದು. ಆದರೆ ಇದರ ಆರ್ಥಿಕ ಹೊರೆಯೂ ದೊಡ್ಡದು. ನಿಯಮದ ಪ್ರಕಾರ ಶೆರಿಯ ಸರಾಸರಿ ವಯಸ್ಸು ಕನಿಷ್ಠ 2 ವರ್ಷ ಇರಬೇಕು. ಉತ್ತಮ ಫಿನೊಗಳದ್ದು ಅದಕ್ಕಿಂತ ಹೆಚ್ಚು. ವರ್ಷಕ್ಕೆ 1 ಲಕ್ಷ ಲೀಟರ್ ಮಾರುವ ಸಂಸ್ಥೆ ಸರಾಸರಿ 4 ವರ್ಷದ ವಯಸ್ಸನ್ನು ಕಾಯ್ದುಕೊಳ್ಳಬೇಕಾದರೆ ಅದರ ಉಗ್ರಾಣದಲ್ಲಿ ಸದಾ ಸುಮಾರು 4 ಲಕ್ಷ ಲೀಟರ್ ದಾಸ್ತಾನು ಇರಲೇಬೇಕು. ಇದರ ಮೇಲೆ ಪೀಪಾಯಿಯಿಂದ ಆವಿಯಾಗಿ ಹೋಗುವ ನಷ್ಟ ಬೇರೆ. ಮಾರಾಟ ಹೆಚ್ಚಿಸಬೇಕೆಂದರೆ ಅದಕ್ಕೆ ವರ್ಷಗಳ ಮೊದಲೇ ದಾಸ್ತಾನು ಹೆಚ್ಚಿಸಬೇಕು. ಅವಸರಕ್ಕೆ ಬಿದ್ದು ಹೆಚ್ಚು ತೆಗೆದರೆ ಸರಾಸರಿ ವಯಸ್ಸು ತಾನಾಗಿಯೇ ಕುಸಿಯುತ್ತದೆ. ಇಂತಹ ಸರಕನ್ನು ಅಗ್ಗದ ಬೆಲೆಗೆ ಮಾರುವುದು ವ್ಯಾಪಾರ ಗಣಿತಕ್ಕೇ ವಿರುದ್ಧ. ಆದರೂ ಹೆರೆಸ್‌ನಲ್ಲಿ ನಡೆದದ್ದು ಅದೇ.

ಹೊರಗಿನ ಮಾರುಕಟ್ಟೆಯ ಆಕರ್ಷಣೆ

ಶೆರಿಯ ಬೆಳವಣಿಗೆ ಇಂಗ್ಲೆಂಡಿನ ಮಾರುಕಟ್ಟೆಯೊಂದಿಗೆ ಬೆಸೆದುಕೊಂಡಿದೆ. 1587ರಲ್ಲಿ ಫ್ರಾನ್ಸಿಸ್ ಡ್ರೇಕ್ ಕಾದಿಸ್ ಬಂದರಿನ ಮೇಲೆ ದಾಳಿ ಮಾಡಿದಾಗ ಸುಮಾರು 2,900 ಪೀಪಾಯಿ ವೈನನ್ನು ಹೊತ್ತೊಯ್ದನೆಂದು ಇತಿಹಾಸ ಹೇಳುತ್ತದೆ. ಮುಂದೆ ಶೇಕ್ಸ್‌ಪಿಯರನ ನಾಟಕದ ಫಾಲ್‌ಸ್ಟಾಫ್ ಎಂಬ ಪಾತ್ರ ಈ ಪಾನೀಯವನ್ನು ಬಾಯ್ತುಂಬ ಹೊಗಳುವಷ್ಟರ ಮಟ್ಟಿಗೆ ಅದು ಲಂಡನ್ನಿನ ಜನಜೀವನದಲ್ಲಿ ಬೆರೆಯಿತು. ವ್ಯಾಪಾರವನ್ನು ಅರಸಿ ಬಂದ ಬ್ರಿಟಿಷ್ ಕುಟುಂಬಗಳು ಹೆರೆಸ್‌ನಲ್ಲಿಯೇ ನೆಲೆಸಿದವು. ಸ್ಥಳೀಯರು ಅವರೊಂದಿಗೆ ಪಾಲುದಾರಿಕೆ ಮಾಡಿಕೊಂಡರು. 1835ರಲ್ಲಿ ಮನುಯೆಲ್ ಮರಿಯಾ ಗೊನ್ಸಾಲೆಸ್ ಸ್ಥಾಪಿಸಿದ ವ್ಯಾಪಾರ ಸಂಸ್ಥೆಗೆ ಅದರ ಲಂಡನ್ ಪ್ರತಿನಿಧಿ ರಾಬರ್ಟ್ ಬ್ಲೇಕ್ ಬಯಸ್ 1855ರಲ್ಲಿ ಪಾಲುದಾರರಾದರು. ಗೊನ್ಸಾಲೆಸ್ ಬಯಸ್ ಎಂಬ ಆ ಸಂಸ್ಥೆಯ ‘ತಿಯೊ ಪೆಪೆ’ ಇಂದಿಗೂ ಜಗತ್ತಿನ ಅತಿ ಪ್ರಸಿದ್ಧ ಫಿನೊಗಳಲ್ಲಿ ಒಂದು. ಫಿನೊ ಮಾದರಿಯನ್ನು ಪರಿಚಯಿಸಲು ನೆರವಾದ ಸೋದರಮಾವ ಹೊಸೆ ಅವರ ನೆನಪಿಗೆ ‘ಪೆಪೆ ಮಾವ’ ಎಂಬರ್ಥದ ಈ ಹೆಸರನ್ನು ಇಡಲಾಯಿತು.

ಆದರೆ ಹೊರಗಿನ ಮಾರುಕಟ್ಟೆಯ ಒಲವು ಸರಕಿನ ಸ್ವರೂಪವನ್ನೇ ಬದಲಿಸಿತು. ಚಳಿದೇಶದ ಗ್ರಾಹಕರಿಗೆ ಸಿಹಿ ಬೇಕಿತ್ತು. ಒಲೊರೋಸೊಗೆ ಸಿಹಿ ವೈನನ್ನು ಬೆರೆಸಿದ ‘ಕ್ರೀಮ್ ಶೆರಿ’ ಬ್ರಿಟನ್ನಿನ ಮನೆಮನೆಗೂ ಹೋಯಿತು. ಮಾರಾಟವೇನೋ ಹೆಚ್ಚಿತು, ಆದರೆ ಹೆಚ್ಚಿನ ಗ್ರಾಹಕರ ಮನಸ್ಸಿನಲ್ಲಿ ಶೆರಿ ಎಂದರೆ ಅಜ್ಜಿಯಂದಿರು ಕ್ರಿಸ್‌ಮಸ್ ಹಬ್ಬಕ್ಕೆ ತೆಗೆದು, ಮಿಕ್ಕದ್ದನ್ನು ಮುಂದಿನ ಹಬ್ಬದವರೆಗೂ ಬೀರುವಿನಲ್ಲಿಡುವ ಸಿಹಿ ಪಾನೀಯವೆಂಬ ಭಾವನೆ ಬೇರೂರಿತು. ಊಟಕ್ಕೆ ಮುನ್ನ ತಣ್ಣಗೆ ಕುಡಿಯುವ ಫಿನೊವಿನ ನಿಜಗುಣ ಆ ಭಾವನೆಯ ಹಿಂದೆ ಮರೆಯಾಯಿತು. ಆ ಮಾದರಿಯನ್ನು ಅನುಸರಿಸಿದ ಗ್ರಾಹಕರು ಫಿನೊವನ್ನೂ ತಿಂಗಳುಗಟ್ಟಲೆ ತೆರೆದಿಟ್ಟು ಅದರ ರುಚಿಯನ್ನು ಕೆಡಿಸಿಕೊಂಡರು.

ಹೆಸರಿಗಾಗಿ ನಡೆದ ವ್ಯಾಜ್ಯ

ಬೇಡಿಕೆ ಇರುವಲ್ಲಿ ಅನುಕರಣೆಯೂ ಹುಟ್ಟುತ್ತದೆ. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಸೈಪ್ರಸ್, ಅಮೆರಿಕಾಗಳಲ್ಲಿ ತಯಾರಾದ ಬಲಪಡಿಸಿದ ವೈನುಗಳೂ ಶೆರಿ ಎಂದೇ ಮಾರಾಟವಾಗತೊಡಗಿದವು. ಹೊರದೇಶಗಳಿಂದ ತರಿಸಿದ ಗಟ್ಟಿ ದ್ರಾಕ್ಷಿರಸವನ್ನು ಬ್ರಿಟನ್ನಿನಲ್ಲಿ ಹುದುಗಿಸಿ ‘ಬ್ರಿಟಿಷ್ ಶೆರಿ’ ಎಂದು ಮಾರುವ ಉದ್ಯಮವೂ ಬೆಳೆಯಿತು. 1930ರ ದಶಕದಲ್ಲಿ ಸ್ಪೇನ್ ಸರ್ಕಾರವು ಹೆರೆಸ್‌ಗೆ ಮೂಲ ಸ್ಥಳದ ಹೆಸರಿನ ರಕ್ಷಣೆಯನ್ನೂ ಅದರ ಮೇಲ್ವಿಚಾರಣೆಗೆ ನಿಯಂತ್ರಣ ಮಂಡಳಿಯನ್ನೂ ಕೊಟ್ಟಿತ್ತು. ಆದರೆ ಆ ರಕ್ಷಣೆ ಸ್ಪೇನಿನ ಗಡಿಯಾಚೆ ನಡೆಯುವಂತಿರಲಿಲ್ಲ.

ಕೊನೆಗೆ ವಿಷಯ ಇಂಗ್ಲೆಂಡಿನ ನ್ಯಾಯಾಲಯಕ್ಕೆ ಹೋಯಿತು. 1967ರಲ್ಲಿ ಬಂದ ತೀರ್ಪು ವ್ಯಾಪಾರಿಗಳು ಮರೆಯಬಾರದಂಥದ್ದು. ಶೆರಿ ಎಂಬ ಪದ ಒಂಟಿಯಾಗಿ ಬಂದರೆ ಅದು ಹೆರೆಸ್ ಪ್ರದೇಶದ ವೈನಿಗೆ ಮಾತ್ರ ಸಲ್ಲತಕ್ಕದ್ದು ಎಂದು ನ್ಯಾಯಾಲಯ ಹೇಳಿತು. ಆದರೆ ‘ಬ್ರಿಟಿಷ್ ಶೆರಿ’, ‘ದಕ್ಷಿಣ ಆಫ್ರಿಕಾದ ಶೆರಿ’ ಮುಂತಾದ ಜೋಡುಪದಗಳ ಬಳಕೆಯನ್ನು ಹೆರೆಸ್‌ನವರು ಬಹುಕಾಲ ಆಕ್ಷೇಪಿಸದೆ ಸುಮ್ಮನಿದ್ದುದರಿಂದ ಅವುಗಳನ್ನು ಈಗ ತಡೆಯಲಾಗದೆಂದೂ ಹೇಳಿತು. ಹಕ್ಕು ಇತ್ತು, ಅದನ್ನು ಕಾಲಕ್ಕೆ ಸರಿಯಾಗಿ ಕೇಳದ್ದರಿಂದ ಅರ್ಧ ಕೈಬಿಟ್ಟಿತು.

ಉಳಿದರ್ಧವನ್ನು ಪಡೆಯಲು ಮತ್ತೆ ಮೂರು ದಶಕಗಳು ಬೇಕಾದವು. 1986ರಲ್ಲಿ ಸ್ಪೇನ್ ಯುರೋಪಿಯನ್ ಸಮುದಾಯಕ್ಕೆ ಸೇರಿತು. ಅದರ ಫಲವಾಗಿ 1996ರ ಆರಂಭದಿಂದ ‘ಬ್ರಿಟಿಷ್ ಶೆರಿ’ ಎಂಬ ಹೆಸರಿನ ಬಳಕೆ ನಿಂತಿತು. ಮುಂದೆ ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾಗಳೂ ಯುರೋಪಿನೊಂದಿಗೆ ಮಾಡಿಕೊಂಡ ಒಪ್ಪಂದಗಳ ಮೂಲಕ ಈ ಹೆಸರನ್ನು ಬಿಟ್ಟುಕೊಟ್ಟವು. ಆಸ್ಟ್ರೇಲಿಯಾದ ತಯಾರಕರು ತಮ್ಮ ವೈನಿಗೆ ‘ಅಪೆರಾ’ ಎಂಬ ಹೊಸ ಹೆಸರನ್ನು ಕಟ್ಟಿಕೊಂಡರು. ಅಪೆರಿಟಿಫ್ ಎಂಬ ಪದದಿಂದಲೇ ಅದನ್ನು ರೂಪಿಸಿದ್ದು. ಅಮೆರಿಕಾದಲ್ಲಿ ಮಾತ್ರ ಹಿಂದಿನಿಂದ ಬಳಕೆಯಲ್ಲಿದ್ದ ಲೇಬಲ್ಲುಗಳಿಗೆ 2006ರ ಒಪ್ಪಂದದಲ್ಲೂ ವಿನಾಯಿತಿ ಉಳಿಯಿತು.

ಒಳಗಿನಿಂದಲೇ ಬಂದ ಕುಸಿತ

ಹೊರಗಿನವರೊಡನೆ ಈ ವ್ಯಾಜ್ಯ ನಡೆಯುತ್ತಿದ್ದಾಗಲೇ ಹೆರೆಸ್‌ನ ಒಳಗೆ ಬೇರೊಂದು ಬೆಳವಣಿಗೆ ಆಗುತ್ತಿತ್ತು. 1961ರಲ್ಲಿ ಹೊಸೆ ಮರಿಯಾ ರೂಯಿಸ್ ಮತೆಯೊಸ್ ಅವರ ಕುಟುಂಬ ಸ್ಥಾಪಿಸಿದ ರುಮಾಸಾ ಎಂಬ ಸಮೂಹ ಬ್ರಿಟನ್ನಿನ ಹಾರ್ವೀಸ್ ಸಂಸ್ಥೆಗೆ ಶೆರಿ ಪೂರೈಸುವ ದೀರ್ಘಾವಧಿಯ ಗುತ್ತಿಗೆಯ ಬಲದಿಂದ ಮೇಲೆದ್ದಿತು. ನಂತರ ಒಂದೊಂದಾಗಿ ಬೊಡೇಗಾಗಳನ್ನೂ ಬ್ಯಾಂಕುಗಳನ್ನೂ ಕೊಂಡುಕೊಳ್ಳುತ್ತಾ ಶೆರಿ ವ್ಯಾಪಾರದ ಸುಮಾರು ಮೂರನೆಯ ಒಂದು ಭಾಗವನ್ನು ತನ್ನದಾಗಿಸಿಕೊಂಡಿತು. ಅದರ ಮಾರಾಟ ನೀತಿ ಪ್ರಮಾಣವನ್ನು ಅವಲಂಬಿಸಿತ್ತು. ಬೆಲೆ ಇಳಿಸಿಯಾದರೂ ಮಾರುಕಟ್ಟೆಯ ಪಾಲನ್ನು ಹಿಡಿಯುವುದು, ವಿದೇಶಿ ಅಂಗಡಿಗಳ ಸ್ವಂತ ಹೆಸರಿನ ಲೇಬಲ್ಲಿಗೆ ಅಗ್ಗದ ಶೆರಿಯನ್ನು ತುಂಬಿಕೊಡುವುದು ಅದರ ಮಾರ್ಗವಾಯಿತು. ಪೈಪೋಟಿಯಲ್ಲಿ ಉಳಿಯಲು ಇತರರೂ ಅದೇ ದಾರಿ ಹಿಡಿದರು.

1983ರ ಫೆಬ್ರವರಿ 23ರಂದು ಸ್ಪೇನ್ ಸರ್ಕಾರವು ಹಣಕಾಸಿನ ಸ್ಥಿತಿಯ ಕಾರಣ ನೀಡಿ ರುಮಾಸಾ ಸಮೂಹವನ್ನು ವಶಪಡಿಸಿಕೊಂಡಿತು. ಸುಮಾರು 700 ಕಂಪನಿಗಳು, 60,000ದಷ್ಟು ನೌಕರರು ಈ ಸಮೂಹದಲ್ಲಿದ್ದರು. ಮುಂದೆ ಬೊಡೇಗಾಗಳು ಬೇರೆ ಬೇರೆ ಖರೀದಿದಾರರ ಕೈಸೇರಿದವು. ಆದರೆ ಆ ವೇಳೆಗಾಗಲೇ ಅಂಗಡಿಗಳ ಕಪಾಟಿನಲ್ಲಿ ಶೆರಿ ಎಂದರೆ ಅಗ್ಗದ ಸರಕೆಂಬ ಮುದ್ರೆ ಬಿದ್ದಿತ್ತು. ಪೀಪಾಯಿಯಲ್ಲಿ ವರ್ಷಗಟ್ಟಲೆ ಪಕ್ವಗೊಂಡ ವೈನ್, ಅದೇ ವರ್ಷ ಬಾಟಲಿಗಿಳಿದ ಸಾಮಾನ್ಯ ವೈನಿನ ಬೆಲೆಗೆ ದೊರೆಯುವಂತಾಯಿತು. ಅಗ್ಗವಾಗಿ ಸಿಗುವುದನ್ನು ಗ್ರಾಹಕ ಗೌರವಿಸಲಿಲ್ಲ. ಹೊಸ ತಲೆಮಾರು ಕೊಳ್ಳಲೇ ಇಲ್ಲ. ಬೆಲೆ ಇಳಿದಾಗ ಮಾರಾಟವೂ ಇಳಿಯುವ ವಿಪರೀತ ಸ್ಥಿತಿ ಬಂದೊದಗಿತು.

ಇದರ ನೇರ ಪೆಟ್ಟು ಬಿದ್ದದ್ದು ಬೆಳೆಗಾರರ ಮೇಲೆ. ದ್ರಾಕ್ಷಿಗೆ ಬೇಡಿಕೆ ಕುಸಿದಂತೆ ಬಳ್ಳಿಗಳನ್ನು ಬೇರುಸಹಿತ ಕಿತ್ತುಹಾಕುವ ಯೋಜನೆಗಳು ಜಾರಿಗೆ ಬಂದವು. 2008ರ ವೈನ್ ಸುಧಾರಣೆಯಲ್ಲಿ ಯುರೋಪಿಯನ್ ಒಕ್ಕೂಟವೇ ಬಳ್ಳಿ ಕೀಳುವವರಿಗೆ ಪರಿಹಾರಧನ ನೀಡಿತು. 1894ರಲ್ಲಿ ಫಿಲಾಕ್ಸೆರಾ ಎಂಬ ಕೀಟ ಇಲ್ಲಿನ ತೋಟಗಳನ್ನು ಹೊಕ್ಕು ನಾಶಮಾಡಿದಾಗ ಬೆಳೆಗಾರರು ಮತ್ತೆ ನೆಟ್ಟು ಬೆಳೆಸಿದ್ದರು. ಬೆಲೆಯ ಕುಸಿತ ಕಿತ್ತ ತೋಟಗಳು ಮಾತ್ರ ಹಾಗೆ ಮರಳಿ ಬರಲಿಲ್ಲ.

ಕಡಿಮೆ ಮಾರಿ ಹೆಚ್ಚು ಗಳಿಸುವ ಪ್ರಯತ್ನ

ಚೇತರಿಕೆಯ ಹಾದಿ ಪ್ರಮಾಣದಿಂದ ಗುಣದ ಕಡೆಗೆ ಹೊರಳಿದಾಗ ತೆರೆಯಿತು. 2000ದಲ್ಲಿ ನಿಯಂತ್ರಣ ಮಂಡಳಿಯು 20 ಮತ್ತು 30 ವರ್ಷ ಮೀರಿದ ಶೆರಿಗಳಿಗೆ ವಯಸ್ಸಿನ ಅಧಿಕೃತ ಪ್ರಮಾಣಪತ್ರ ನೀಡುವ ವ್ಯವಸ್ಥೆಯನ್ನು ತಂದಿತು. ಉಗ್ರಾಣದ ಮೂಲೆಯಲ್ಲಿ ಮಿಶ್ರಣಕ್ಕಷ್ಟೇ ಬಳಕೆಯಾಗುತ್ತಿದ್ದ ಹಳೆಯ ದಾಸ್ತಾನಿಗೆ ಅದರದೇ ಬೆಲೆ ಬಂದಿತು. 2005ರಲ್ಲಿ ಆರಂಭವಾದ ಎಕಿಪೊ ನವಾಸೊಸ್ ಎಂಬ ಸಣ್ಣ ಸಂಸ್ಥೆ, ಬೇರೆ ಬೇರೆ ಬೊಡೇಗಾಗಳಲ್ಲಿನ ಅಪರೂಪದ ಪೀಪಾಯಿಗಳನ್ನು ಆಯ್ದು, ಒಂದೊಂದಕ್ಕೂ ಸಂಖ್ಯೆ ಕೊಟ್ಟು ಸೀಮಿತ ಪ್ರಮಾಣದಲ್ಲಿ ಬಾಟಲಿಗೆ ತುಂಬಿತು. 2010ರಲ್ಲಿ ಗೊನ್ಸಾಲೆಸ್ ಬಯಸ್ ಸಂಸ್ಥೆಯೂ ತಿಯೊ ಪೆಪೆಯನ್ನು ಹೆಚ್ಚು ಸೋಸದೆ, ಪೀಪಾಯಿಯಲ್ಲಿರುವಂತೆಯೇ ತುಂಬಿದ ‘ಎನ್ ರಾಮಾ’ ಆವೃತ್ತಿಯನ್ನು ಹೊರತಂದಿತು. ಹೊಸದಾಗಿ ಕಾರ್ಖಾನೆ ಕಟ್ಟದೆ, ಇರುವ ಸರಕಿನ ಸಂಸ್ಕರಣೆಯನ್ನು ಕಡಿಮೆ ಮಾಡಿ ಹೆಚ್ಚಿನ ಬೆಲೆ ಪಡೆದ ಉದಾಹರಣೆಯಿದು.

ಇನ್ನೊಂದು ಆದಾಯ ಅನಿರೀಕ್ಷಿತ ದಿಕ್ಕಿನಿಂದ ಬಂದಿತು. ಹಿಂದೆ ಶೆರಿಯನ್ನು ಪೀಪಾಯಿಗಳಲ್ಲೇ ಬ್ರಿಟನ್ನಿಗೆ ಕಳುಹಿಸುತ್ತಿದ್ದರು. ಬರಿದಾದ ಪೀಪಾಯಿಗಳನ್ನು ಸ್ಕಾಟ್ಲೆಂಡಿನ ವಿಸ್ಕಿ ತಯಾರಕರು ಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಪೀಪಾಯಿ ರಫ್ತು ನಿಂತು ಬಾಟಲಿ ತುಂಬುವಿಕೆ ಹೆರೆಸ್‌ಗೇ ಸೀಮಿತವಾದಾಗ ವಿಸ್ಕಿ ತಯಾರಕರು ಹೆರೆಸ್‌ನಲ್ಲಿಯೇ ಹೊಸ ಪೀಪಾಯಿ ಮಾಡಿಸಿ, ಅದರಲ್ಲಿ ಶೆರಿ ತುಂಬಿಸಿ ಪಳಗಿಸಿ ತರಿಸಿಕೊಳ್ಳತೊಡಗಿದರು. 2015ರಿಂದ ಇಂತಹ ಪೀಪಾಯಿಗಳಿಗೂ ನಿಯಂತ್ರಣ ಮಂಡಳಿಯ ಪ್ರಮಾಣೀಕರಣವಿದೆ. ಕರ್ನಾಟಕಕ್ಕೂ ಈ ಪೀಪಾಯಿಗಳ ನಂಟು ಇದೆ: 1948ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2010ರಲ್ಲಿ ಹೊರತಂದ ‘ಇಂಟರ್‌ಮೀಡಿಯೆಟ್ ಶೆರಿ’ ಎಂಬ ವಿಸ್ಕಿ, ಪಕ್ವಗೊಳ್ಳುವ ನಡುವಿನ ಹಂತವನ್ನು ಶೆರಿ ಪೀಪಾಯಿಗಳಲ್ಲಿ ಕಳೆದದ್ದು. ಶೆರಿಯನ್ನು ಎಂದೂ ಕುಡಿಯದ ಗ್ರಾಹಕನೂ ಆ ಪೀಪಾಯಿಯ ಹೆಸರಿಗೆ ಹೆಚ್ಚು ಬೆಲೆ ಕೊಡುತ್ತಾನೆ. ಒಂದು ಕಾಲಕ್ಕೆ ಖಾಲಿ ಡಬ್ಬಿಯಂತೆ ಮಾರಿದ ವಸ್ತು ಇಂದು ಸ್ವತಂತ್ರ ಉದ್ಯಮವಾಗಿದೆ.

ಸರಕನ್ನು ಅರಿತು ಮಾರುವುದು

ಫಿನೊವನ್ನು ಮತ್ತೆ ಅದರ ಮೂಲಸ್ಥಾನಕ್ಕೆ, ಎಂದರೆ ಊಟಕ್ಕೆ ಮುಂಚಿನ ಪಾನೀಯದ ಸ್ಥಾನಕ್ಕೆ, ತರುವಲ್ಲಿ ಗ್ರಾಹಕ ಶಿಕ್ಷಣದ ಪಾತ್ರ ದೊಡ್ಡದು. ಇದನ್ನು 7ರಿಂದ 9 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೊಡಬೇಕು. ಬಾಟಲಿಗೆ ಬಂದ ಮೇಲೆ ಇದು ಇನ್ನಷ್ಟು ಪಕ್ವವಾಗುವುದಿಲ್ಲ; ಆದ್ದರಿಂದ ಹೊಸ ದಾಸ್ತಾನು ಒಳ್ಳೆಯದು. ತೆರೆದ ಬಾಟಲಿಯನ್ನು ಶೀತಕಪಾಟಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸುವುದು ಉಚಿತ. ಹೋಟೆಲುಗಳಲ್ಲಿ ಅರ್ಧ ಅಳತೆಯ ಬಾಟಲಿ ಹೆಚ್ಚು ಅನುಕೂಲ. ಉಪ್ಪಿನ ಬೀಜಗಳು, ಆಲಿವ್, ಹುರಿದ ಮೀನು, ಸೀಗಡಿ ಇದಕ್ಕೆ ಹೊಂದುವ ತಿನಿಸುಗಳು. ಈ ಸಣ್ಣ ಮಾಹಿತಿಗಳನ್ನು ಲೇಬಲ್ಲಿನ ಮೇಲೆಯೇ ಮುದ್ರಿಸುವ ಪದ್ಧತಿ ಹಿಂದೆಯೇ ಬಂದಿದ್ದರೆ ಎಷ್ಟೋ ಗ್ರಾಹಕರು ಕೆಟ್ಟುಹೋದ ಫಿನೊ ಕುಡಿದು ಶೆರಿಯಿಂದಲೇ ದೂರ ಸರಿಯುತ್ತಿರಲಿಲ್ಲ. ತಯಾರಕನ ಜವಾಬ್ದಾರಿ ಕಾರ್ಖಾನೆಯ ಬಾಗಿಲಿನಲ್ಲಿ ಮುಗಿಯುವುದಿಲ್ಲ. ಸರಕು ಬಳಕೆಯಾಗುವ ಕೊನೆಯ ಗಳಿಗೆಯವರೆಗೂ ಅದು ಚಾಚಿಕೊಂಡಿರುತ್ತದೆ.

ಕಾನೂನು ಕೊಡುವುದು, ಕೊಡದಿರುವುದು

1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ವೈನ್ ಮತ್ತು ಮದ್ಯಗಳ ಸ್ಥಳನಾಮಗಳಿಗೆ ಇತರ ಸರಕುಗಳಿಗಿಂತ ಬಲವಾದ ರಕ್ಷಣೆಯನ್ನು ಕೊಟ್ಟಿದೆ. ‘ಆ ಮಾದರಿಯ’, ‘ಆ ಬಗೆಯ’ ಎಂಬ ಪದಗಳನ್ನು ಸೇರಿಸಿ ಕೂಡ ಅನ್ಯರು ಆ ಹೆಸರನ್ನು ಬಳಸುವಂತಿಲ್ಲ. ಅದೇ ಮಟ್ಟದ ರಕ್ಷಣೆ ಇತರ ಸರಕುಗಳಿಗೂ ಬೇಕೆಂದು ಭಾರತ ವಾದಿಸುತ್ತ ಬಂದಿದೆ. 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದ ಭಾರತದ ಭೌಗೋಳಿಕ ಸೂಚಕಗಳ ಕಾಯಿದೆಯಡಿ ಮೈಸೂರು ರೇಷ್ಮೆ, ಕೊಡಗಿನ ಕಿತ್ತಳೆ, ಚನ್ನಪಟ್ಟಣದ ಆಟಿಕೆಗಳು ನೋಂದಣಿಯಾಗಿವೆ. ಇವುಗಳ ತಯಾರಕರಿಗೆ ಶೆರಿಯ ಕಥೆ ದೂರದ್ದಲ್ಲ.

ಹೆಸರನ್ನು ಕದಿಯುವವರಿಂದ ಕಾನೂನು ರಕ್ಷಿಸಬಲ್ಲದು. ಹೆಸರಿನ ಒಡೆಯರೇ ಅದನ್ನು ಅಗ್ಗಕ್ಕೆ ಮಾರಿಕೊಂಡರೆ ರಕ್ಷಿಸಲಾರದು. ಹೆರೆಸ್‌ನ ವ್ಯಾಪಾರಿಗಳು ನ್ಯಾಯಾಲಯದಲ್ಲಿ ಗೆದ್ದ ಹೆಸರನ್ನು ಅಂಗಡಿಯ ಕಪಾಟಿನಲ್ಲಿ ಸೋತಿದ್ದರು. ಈಗ ಆ ಸೋಲನ್ನು ತಿದ್ದುವ ಕೆಲಸ ಪೀಪಾಯಿ ಪೀಪಾಯಿಯಾಗಿ, ಊಟಕ್ಕೆ ಮುಂಚಿನ ಒಂದೊಂದು ಸಣ್ಣ ಲೋಟವಾಗಿ ನಡೆದಿದೆ. ಹೆಪ್ಪು ಉಳಿದಿರುವವರೆಗೆ ಮೊಸರಿನ ಆಸೆ ಬಿಡಬೇಕಾಗಿಲ್ಲ. ಮಾರಾಟ ಕುಸಿದ ದಶಕಗಳಲ್ಲಿಯೂ ಸೊಲೆರಾಗಳನ್ನು ಬರಿದು ಮಾಡದೆ ಕಾಪಾಡಿಕೊಂಡು ಬಂದ ಬೊಡೇಗಾಗಳಿಗೆ ಇಂದು ಮಾರಲು ಒಳ್ಳೆಯ ಸರಕಿದೆ.